ಬಸುರಿಗೆ ಏಳು ತಿಂಗಳು ತುಂಬಿದ ಮೇಲೆ ಅಡುಗೆ ಮತ್ತು ಊಟ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ರಾಯಚೂರಿನವಳು, ಎರಡು ಮಕ್ಕಳ ತಾಯಿ. ಎರಡೂ ಸಲ ಕೊನೆಯ ತಿಂಗಳುಗಳು ಬಿದ್ದದ್ದು ಬೇಸಿಗೆಯಲ್ಲೇ. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಕುಬಸ (ಸೀಮಂತ) ಮುಗಿದ ಮೇಲೆ ತಂಗಿಯರು, ನಾದಿನಿಯರು, ಓಣಿಯ ಹುಡುಗಿಯರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ ಇರುತ್ತವೆ, ಅದಕ್ಕೆ ಒಂದೇ ಕಡೆ ಬರೆದಿಟ್ಟಿದ್ದೇನೆ. ಬಿಪಿ, ಶುಗರ್, ಥೈರಾಯ್ಡ್ ಇದ್ದವರು ಮೊದಲು ನಿಮ್ಮ ಡಾಕ್ಟರ್ ಮಾತು ಕೇಳಿ, ಆಮೇಲೆ ನನ್ನದು.

ನಾಲ್ಕು ತುತ್ತಿಗೇ ಹೊಟ್ಟೆ ತುಂಬಿ ಉಸಿರು ಕಟ್ಟಿದ ಹಾಗಾಗುತ್ತದೆ. ಊಟ ಸೇರದಿದ್ದರೆ ಏನು ಮಾಡಲಿ?

ಸೇರುವುದಿಲ್ಲ, ನಿಜ. ಕೂಸು ಜಾಗ ಹಿಡಿದು ಕೂತಿದೆ, ಅನ್ನಕ್ಕೆ ಉಳಿದಿರುವುದು ಇಷ್ಟೇ ಜಾಗ. ಮೂರು ದೊಡ್ಡ ಊಟದ ಆಸೆ ಬಿಡಿ, ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನಿ. ನನ್ನದು ಹೀಗಿತ್ತು: ಎದ್ದ ಕೂಡಲೇ ಒಂದು ಬಾಳೆಹಣ್ಣು, ಎಂಟೂವರೆಗೆ ತಿಂಡಿ, ಹನ್ನೊಂದಕ್ಕೆ ಒಂದು ಹಿಡಿ ಶೇಂಗಾ ಅಥವಾ ಒಂದು ಮೊಟ್ಟೆ, ಒಂದೂವರೆಗೆ ರೊಟ್ಟಿ ಊಟ, ಐದಕ್ಕೆ ಉಸುಳಿ, ರಾತ್ರಿ ಎಂಟರೊಳಗೆ ಹಗುರಾಗಿ ಏನಾದರೂ, ಮಲಗುವ ಮುಂಚೆ ಹಾಲು.

ಇದರಲ್ಲಿ ಕಷ್ಟ ಇರುವುದು ಅಡುಗೆಯದಲ್ಲ. ನಮ್ಮ ಮನೆಗಳಲ್ಲಿ ಮಾವ ಉಂಡು, ಗಂಡ ಉಂಡು, ಮಕ್ಕಳು ಉಂಡ ಮೇಲೆ ಮೂರು ಗಂಟೆಗೆ ಸೊಸೆ ತಟ್ಟೆ ಹಾಕಿಕೊಳ್ಳುತ್ತಾಳೆ. ಅಷ್ಟೊತ್ತಿಗೆ ಬೇಳೆ ತಳ ಸೇರಿರುತ್ತದೆ, ಪಲ್ಯ ಮುಗಿದಿರುತ್ತದೆ, ಅನ್ನ ಮಾತ್ರ ಬೇಕಾದಷ್ಟು ಇರುತ್ತದೆ. ಎಂಟನೇ ತಿಂಗಳಲ್ಲಿ ಇದು ನಡೆಯುವುದಿಲ್ಲ. ಹೇಳಲು ಮುಜುಗರವಾದರೆ ನಾನು ಮಾಡಿದ್ದೇ ಮಾಡಿ. ಅಡುಗೆ ಇಳಿಸಿದ ಕೂಡಲೇ ನನ್ನ ಪಾಲಿನ ಗಟ್ಟಿ ಬೇಳೆ, ಪಲ್ಯ ಒಂದು ಡಬ್ಬಿಗೆ ತೆಗೆದಿಡುತ್ತಿದ್ದೆ. ಮೊದಲ ವಾರ ಅತ್ತೆ ನೋಡಿ ಸುಮ್ಮನಿದ್ದರು. ಎರಡನೇ ವಾರ ಅವರೇ ತೆಗೆದಿಡಲು ಶುರು ಮಾಡಿದರು.

ಇಬ್ಬರ ಊಟ ಉಣ್ಣಬೇಕು ಅಂತಾರಲ್ಲ?

ಬೇಡ. ಭಾರತದ ಪೌಷ್ಟಿಕತೆಯ ಲೆಕ್ಕದಲ್ಲಿ ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾಗುವುದು ಸುಮಾರು 350 ಕ್ಯಾಲರಿ. ಅಂದರೆ ಒಂದು ಜೋಳದ ರೊಟ್ಟಿ, ಒಂದು ಬೇಯಿಸಿದ ಮೊಟ್ಟೆ, ಒಂದು ಲೋಟ ಹಾಲು, ಅಷ್ಟೇ. ಆದರೆ ಪ್ರೋಟೀನ್ ಮಾತ್ರ ಕೊನೆಯ ಮೂರು ತಿಂಗಳಲ್ಲಿ ಮಾಮೂಲಿಗಿಂತ 22 ಗ್ರಾಂ ಜಾಸ್ತಿ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7, ಒಂದು ಹಿಡಿ ಶೇಂಗಾದಲ್ಲಿ 7. ಮೇಲೆ ಒಂದು ಬಟ್ಟಲು ಹೆಸರುಕಾಳು ಉಸುಳಿ ತಿಂದರೆ ಲೆಕ್ಕ ಮುಗಿಯಿತು. ಇನ್ನೊಂದು ಸೌಟು ಅನ್ನ ಬಡಿಸಿಕೊಂಡರೆ ಈ ಲೆಕ್ಕ ತುಂಬುವುದಿಲ್ಲ.

"ಹೊಟ್ಟಿ ತುಂಬ ಉಂಡ್ರ ಕೂಸು ದಪ್ಪ ಆಗ್ತದ, ಹೆರಿಗಿ ಕಷ್ಟ ಆಗ್ತದ" ಅಂತಾರೆ. ನಿಜಾನಾ?

ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ದವಾಖಾನೆ ದೂರ ಇದ್ದ ಕಾಲದ ಹೆದರಿಕೆ ಅದು, ಅವಳನ್ನು ಬೈಯುವುದಿಲ್ಲ. ಆದರೆ ಕಡಿಮೆ ಉಂಡರೆ ಕೂಸಿನ ತೂಕ ಕಡಿಮೆಯಾಗುತ್ತದೆ, ತಾಯಿಯ ಶಕ್ತಿ ಹೋಗುತ್ತದೆ, ಹೆರಿಗೆ ಸುಲಭ ಆಗುವುದಿಲ್ಲ. ಹುಟ್ಟಿದಾಗ ಎರಡೂವರೆ ಕೆಜಿಗಿಂತ ಕಡಿಮೆ ಇರುವ ಕೂಸಿಗೆ ಸೋಂಕು, ಶೀತ ಎಲ್ಲವೂ ಬೇಗ ತಗಲುತ್ತವೆ. ಕೂಸು ಅತಿಯಾಗಿ ದಪ್ಪ ಆಗುವುದು ಹೆಚ್ಚಾಗಿ ತಾಯಿಗೆ ಶುಗರ್ ಇದ್ದು ಅದು ಹಿಡಿತದಲ್ಲಿ ಇಲ್ಲದಾಗ. ಅದಕ್ಕೆ ಪರೀಕ್ಷೆ ಇದೆ, ಕೆಳಗೆ ಬರೆದಿದ್ದೇನೆ.

ಹತ್ತು ಹದಿನೈದು ನಿಮಿಷದಲ್ಲಿ ಏನು ಮಾಡಬಹುದು? ಜಾಸ್ತಿ ಹೊತ್ತು ನಿಂತರೆ ಸೊಂಟ ಹಿಡಿಯುತ್ತದೆ.

ಇದೇ ಎಲ್ಲರ ಮೊದಲ ಪ್ರಶ್ನೆ. ನಮ್ಮ ಭಾಗದವರು ಈ ವಿಷಯದಲ್ಲಿ ಪುಣ್ಯವಂತರು. ಶೇಂಗಾ ಪುಡಿ, ಗುರೆಳ್ಳು ಪುಡಿ, ಅಗಸಿ ಪುಡಿ, ಖಡಕ್ ರೊಟ್ಟಿ, ಮೊಸರು, ಇಷ್ಟು ಮನೆಯಲ್ಲಿ ಇದ್ದರೆ ಅರ್ಧ ಊಟ ಆಗಲೇ ಆಗಿದೆ.

ಒಲೆ ಹಚ್ಚದೇ ಆಗುವುದು: ಖಡಕ್ ರೊಟ್ಟಿ ಮುರಿದು ಗಟ್ಟಿ ಮೊಸರಿನಲ್ಲಿ ಐದು ನಿಮಿಷ ನೆನೆಸಿ, ಮೇಲೆ ಎರಡು ಚಮಚ ಶೇಂಗಾ ಪುಡಿ, ಸೌತೆಕಾಯಿ ಹೆಚ್ಚಿ ಹಾಕಿ. ಮಧ್ಯಾಹ್ನ 42 ಡಿಗ್ರಿ ಬಿಸಿಲಿನಲ್ಲಿ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ.

ಜುಣಕ: ಉಳ್ಳಾಗಡ್ಡಿ, ಬೆಳ್ಳುಳ್ಳಿ ಒಗ್ಗರಣೆ ಹಾಕಿ, ಎರಡು ಲೋಟ ನೀರು ಕುದಿಸಿ, ಒಂದು ಲೋಟ ಕಡಲೆಹಿಟ್ಟು ಸ್ವಲ್ಪ ಸ್ವಲ್ಪ ಉದುರಿಸುತ್ತಾ ತಿರುವಿ, ಮುಚ್ಚಿಡಿ. ಗಂಟಾದರೆ ತಲೆ ಕೆಡಿಸಿಕೊಳ್ಳಬೇಡಿ, ಗಂಟನ್ನೂ ತಿನ್ನಬಹುದು. ಕಡಲೆಹಿಟ್ಟು ಕೆಲವರಿಗೆ ಗ್ಯಾಸ್ ಆಗುತ್ತದೆ, ಅಂಥವರು ರಾತ್ರಿ ಬೇಡ.

ಗೋಧಿ ನುಚ್ಚಿನ ಖಿಚಡಿ: ಒಂದು ಪಾಲು ನುಚ್ಚು, ಒಂದು ಪಾಲು ಹೆಸರುಬೇಳೆ, ಒಂದು ಹಿಡಿ ಮೆಂತೆ ಸೊಪ್ಪು, ಟೊಮೆಟೊ, ಅರಿಶಿನ, ಎಲ್ಲ ಕುಕ್ಕರಿಗೆ ಹಾಕಿ ಮೂರು ಸೀಟಿ. ಮೇಲೆ ತುಪ್ಪ. ಎಂಟು ಗಂಟೆಗೆ ನನಗೆ ಇದೇ ಸರಿ ಹೋಗುತ್ತಿತ್ತು.

ಒಂದೇ ಕುಕ್ಕರಿನಲ್ಲಿ ಮೂರು: ಐದು ಲೀಟರಿನ ಕುಕ್ಕರ್ ಇದ್ದರೆ ತಳಕ್ಕೆ ತೊಗರಿಬೇಳೆ ಮತ್ತು ಪಾಲಕ್ ಅಥವಾ ರಾಜಗಿರಿ, ಅದರ ಮೇಲಿನ ಡಬ್ಬಿಯಲ್ಲಿ ಅಕ್ಕಿ, ಮೇಲಿನ ಸಣ್ಣ ಡಬ್ಬಿಯಲ್ಲಿ ಚೆನ್ನಾಗಿ ತೊಳೆದ ಎರಡು ಮೊಟ್ಟೆ ನೀರಿನ ಸಮೇತ. ಕುಕ್ಕರ್ ಇಟ್ಟು ನೀವು ಕುರ್ಚಿಯಲ್ಲಿ ಕಾಲು ಚಾಚಿ ಕೂತುಬಿಡಿ.

ಮುಟಗಿ: ಬಿಸಿ ರೊಟ್ಟಿ, ಬೆಳ್ಳುಳ್ಳಿ, ಸ್ವಲ್ಪ ಜೀರಿಗೆ, ತುಪ್ಪ ಹಾಕಿ ಕುಟ್ಟಿದರೆ ಆಯಿತು. ಖಾರ ಕಡಿಮೆ ಮಾಡಿ, ಎದೆ ಉರಿಯುತ್ತದೆ. ಮುಟಗಿ ತಿನ್ನುವಾಗ ಪಕ್ಕದಲ್ಲಿ ಒಂದು ಬಟ್ಟಲು ಮೊಸರು ಇರಲೇಬೇಕು, ಇದು ನನ್ನ ಕಾನೂನು.

ಉಸುಳಿ: ಭಾನುವಾರ ಹೆಸರುಕಾಳು, ಮಡಿಕೆಕಾಳು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬಂದಿರುತ್ತದೆ, ಫ್ರಿಜ್‌ನಲ್ಲಿ ಎರಡು ಮೂರು ದಿನ ಇರುತ್ತದೆ. ಬೇಕಾದಾಗ ಒಂದು ಹಿಡಿ ತೆಗೆದು ಚೆನ್ನಾಗಿ ಬೇಯಿಸಿ, ನಿಂಬೆಹಣ್ಣು ಹಿಂಡಿ. ಮೊಳಕೆಕಾಳು ಹಸಿಯಾಗಿ ತಿನ್ನುವ ಫ್ಯಾಶನ್ ಈಗ ಬೇಡ, ಅದರಲ್ಲಿ ರೋಗಾಣು ಬೇಗ ಬೆಳೆಯುತ್ತವೆ.

ರೊಟ್ಟಿ ಬಿಡಲು ಆಗುವುದಿಲ್ಲ, ಆದರೆ ಹೆಂಚಿನ ಮುಂದೆ ನಿಲ್ಲಲೂ ಆಗುವುದಿಲ್ಲ.

ದಿನಾ ಬಡಿಯಬೇಡಿ. ಬೆಳಗಿನ ತಂಪು ಹೊತ್ತಿನಲ್ಲಿ ಬಿಸಿ ರೊಟ್ಟಿ ವಾರಕ್ಕೆ ಎರಡು ದಿನ ಸಾಕು, ಉಳಿದ ದಿನ ಖಡಕ್ ರೊಟ್ಟಿ. ಈಗ ಓಣಿ ಓಣಿಯಲ್ಲೂ ರೊಟ್ಟಿ ಮಾಡಿ ಮಾರುವವರಿದ್ದಾರೆ, ಅವರ ಹತ್ತಿರ ಕಟ್ಟು ತಂದರೆ ಯಾರ ಮಾನವೂ ಹೋಗುವುದಿಲ್ಲ. ಜೋಳದ ಜೊತೆಗೆ ಸಜ್ಜೆ ರೊಟ್ಟಿಯೂ ಆಗಾಗ ಇರಲಿ, ಸಜ್ಜೆಯಲ್ಲಿ ಕಬ್ಬಿಣದ ಅಂಶ ಜೋಳಕ್ಕಿಂತ ಜಾಸ್ತಿ. ಸಜ್ಜೆ ಉಷ್ಣ ಅನ್ನುವವರು ಮಜ್ಜಿಗೆ ಕುಡಿಯಿರಿ.

ಸಂಜೆ ಒಗ್ಗರಣೆ-ಮಿರ್ಚಿ (ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ) ತಿನ್ನಬೇಕು ಅನಿಸುತ್ತದೆ. ತಿನ್ನಲಾ?

ಬಯಕೆ ಅಲ್ವಾ, ತಿನ್ನಿ. ಬಳ್ಳಾರಿ, ರಾಯಚೂರಿನ ಹುಡುಗಿಗೆ ಮಿರ್ಚಿ ಮುಟ್ಟಬೇಡ ಅನ್ನುವವರು ಯಾರು? ಆದರೆ ಮನೆಯಲ್ಲಿ ಮಾಡಿ. ಮಂಡಾಳಿನಲ್ಲಿ, ಅಂದರೆ ಮಂಡಕ್ಕಿಯಲ್ಲಿ, ಅಂಥ ಸತ್ವ ಇಲ್ಲ, ಹೊಟ್ಟೆ ತುಂಬಿದ ಹಾಗೆ ಅನಿಸಿ ಅರ್ಧ ಗಂಟೆಗೆ ಮತ್ತೆ ಹಸಿವು. ಅದಕ್ಕೆ ಪುಟಾಣಿ (ಹುರಿಗಡಲೆ) ಪುಡಿ ಧಾರಾಳವಾಗಿ, ಹುರಿದ ಶೇಂಗಾ ಒಂದು ಹಿಡಿ, ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಕೊನೆಗೆ ನಿಂಬೆ. ಮಿರ್ಚಿ ಒಂದು ಸಾಕು. ರಸ್ತೆ ಬದಿಯದು ಬೇಡ ಅನ್ನುವುದು ಎಣ್ಣೆಗಿಂತ ಹೆಚ್ಚಾಗಿ ಅಲ್ಲಿ ಮಂಡಾಳು ತೋಯಿಸುವ ನೀರಿಗೆ ಹೆದರಿ.

ರಕ್ತ ಕಡಿಮೆ ಇದೆ ಅಂದಿದ್ದಾರೆ. ಯಾವ ಊಟದಿಂದ ಬೇಗ ಏರುತ್ತದೆ?

ಊಟ ಒಂದರಿಂದಲೇ ಬೇಗ ಏರುವುದಿಲ್ಲ, ಗುಳಿಗೆ ಬೇಕೇ ಬೇಕು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ಬಸುರಿಯಲ್ಲಿ ಅದು ರಕ್ತಹೀನತೆ, 7ಕ್ಕಿಂತ ಕಡಿಮೆ ಆದರೆ ತೀವ್ರ, ಆಗ ದವಾಖಾನೆಯಲ್ಲೇ ಚಿಕಿತ್ಸೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ದಿನಕ್ಕೊಂದು, ಕನಿಷ್ಠ 180 ದಿನ. ರಕ್ತ ಕಡಿಮೆ ಇದ್ದವರಿಗೆ ಡಾಕ್ಟರ್ ಹೆಚ್ಚು ಹೇಳಬಹುದು.

ನನ್ನ ಕಥೆ ಹೇಳುತ್ತೇನೆ. ಮೊದಲನೇ ಸಲ ಏಳನೇ ತಿಂಗಳಲ್ಲಿ ನನ್ನದು 8.4 ಇತ್ತು. ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ, ಆದರೂ ಏರಲಿಲ್ಲ. ಒಬ್ಬ ನರ್ಸಕ್ಕ ಕೇಳಿದರು, "ಯಾತರ ಜೋಡಿ ನುಂಗ್ತಿಯವ್ವ?" ಚಹಾದ ಜೊತೆ ಅಂದೆ. ಅವರು ಹಣೆ ಚಚ್ಚಿಕೊಂಡರು. ಚಹಾ, ಕಾಫಿ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಹಾಲು, ಕ್ಯಾಲ್ಸಿಯಂ ಗುಳಿಗೆ ಕೂಡ ಹಾಗೆಯೇ. ಅವತ್ತಿನಿಂದ ಕಬ್ಬಿಣದ ಗುಳಿಗೆ ಹನ್ನೊಂದು ಗಂಟೆಗೆ ನಿಂಬೆಹಣ್ಣಿನ ನೀರಿನ ಜೊತೆ, ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಆದ ಮೇಲೆ ಮತ್ತು ರಾತ್ರಿ ಊಟ ಆದ ಮೇಲೆ, ಚಹಾ ಗುಳಿಗೆಯಿಂದ ಕನಿಷ್ಠ ಒಂದು ಗಂಟೆ ದೂರ. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಇರಲಿ. ಒಂಬತ್ತು ತುಂಬುವಷ್ಟರಲ್ಲಿ ನನ್ನದು 10.2ಕ್ಕೆ ಬಂತು. ಗುಳಿಗೆ ಅದೇ, ನುಂಗುವ ಹೊತ್ತು ಬೇರೆ, ಅಷ್ಟೇ.

ಊಟದಲ್ಲಿ ಪುಂಡಿ ಪಲ್ಯ, ರಾಜಗಿರಿ, ಮೆಂತೆ, ಕಾಳುಗಳು, ಸಜ್ಜೆ, ಗುರೆಳ್ಳು, ತಿನ್ನುವವರು ಮಾಂಸ, ಮೀನು. ಸೊಪ್ಪಿನ ಊಟದ ಜೊತೆ ನಿಂಬೆ, ಪೇರಲ, ನೆಲ್ಲಿಕಾಯಿ ಯಾವುದಾದರೂ ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತ ಆಗುವುದಿಲ್ಲ, ಸುಮ್ನೆ ಅದರ ಹಿಂದೆ ಬೀಳಬೇಡಿ. ಗುಳಿಗೆಯಿಂದ ಕಕ್ಕಸು ಕಪ್ಪಗಾದರೆ ಹೆದರಬೇಡಿ.

ಯಾರಿಗೂ ಹೇಳಬೇಡಿ, ನನಗೆ ಮಣ್ಣು ತಿನ್ನಬೇಕು ಅನಿಸುತ್ತದೆ.

ಬಹಳ ಜನ ಹೀಗೇ ಪಿಸುಗುಟ್ಟಿ ಕೇಳುತ್ತಾರೆ. ಕೆಮ್ಮಣ್ಣು, ಬಳಪ, ಒಲೆಯ ಬೂದಿ, ಹಸಿ ಅಕ್ಕಿ. ಮೊದಲ ಮಳೆಯ ವಾಸನೆಗೆ ಬಾಯಲ್ಲಿ ನೀರೂರುತ್ತಿತ್ತು ನನಗೂ. ಇದು ನಾಚಿಕೆಯ ವಿಷಯ ಅಲ್ಲ, ಎಷ್ಟೋ ಸಲ ಮೈಯಲ್ಲಿ ಕಬ್ಬಿಣ ಕಡಿಮೆ ಇರುವುದರ ಗುರುತು. ಮಣ್ಣಿನಿಂದ ಜಂತುಹುಳು, ಸೋಂಕು ಬರುತ್ತವೆ, ಇರುವ ಕಬ್ಬಿಣವೂ ಮೈಗೆ ಹತ್ತುವುದಿಲ್ಲ. ಆಶಾ ಅಕ್ಕನಿಗೋ ಡಾಕ್ಟರಿಗೋ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಬಾಯಿ ಚಪಲಕ್ಕೆ ನಾನು ಹುರಿದ ಪುಟಾಣಿ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಿದ್ದೆ.

ಎದೆ ಉರಿಗೆ ಏನು ಮಾಡಲಿ?

ಉಂಡ ತಕ್ಷಣ ಮಲಗಬೇಡಿ, ಎರಡು ಗಂಟೆ ಬಿಡಿ. ಹಸಿಮೆಣಸಿನಕಾಯಿ ಚಟ್ನಿ ಹಗಲು ಹೊತ್ತಿಗೆ ಇರಲಿ. ತಲೆದಿಂಬು ಎರಡು ಇಟ್ಟು ಎಡಕ್ಕೆ ಹೊರಳಿ ಮಲಗಿ. ಸೋಡಾ ಪುಡಿ ನೀರಿಗೆ ಹಾಕಿ ಕುಡಿಯುವುದು ಬೇಡವೇ ಬೇಡ.

ಮಲಬದ್ಧತೆ?

ಕಬ್ಬಿಣದ ಗುಳಿಗೆ ತಿನ್ನುವ ಎಲ್ಲರ ಗೋಳು. ನೀರು, ಸೊಪ್ಪು, ಪೇರಲ, ರಾತ್ರಿ ನೆನೆಸಿದ ಎರಡು ಅಂಜೂರ. ಅಂಜೂರಕ್ಕೆ ಬಳ್ಳಾರಿ ಮೊದಲಿನಿಂದ ಹೆಸರಾದ ಊರು, ಸುಗ್ಗಿಯಲ್ಲಿ ಹಸಿ ಹಣ್ಣು ಸಿಕ್ಕರೆ ಇನ್ನೂ ಒಳ್ಳೆಯದು. ಇದಕ್ಕಾಗಿ ಗುಳಿಗೆ ಮಾತ್ರ ನಿಲ್ಲಿಸಬೇಡಿ.

ರೊಟ್ಟಿ ಜೊತೆ ಹಸಿ ಮೆಂತೆ, ಹಕ್ಕರಿಕೆ ತಿನ್ನುವುದು ನಮ್ಮ ರೂಢಿ. ಈಗಲೂ ತಿನ್ನಬಹುದಾ?

ತಿನ್ನಬಹುದು, ತೊಳೆಯುವುದರಲ್ಲಿ ಸೋಮಾರಿತನ ಬೇಡ. ಮಣ್ಣು ಪೂರ್ತಿ ಹೋಗುವವರೆಗೆ ಒಳ್ಳೆಯ ನೀರಿನಲ್ಲಿ ಮೂರು ನಾಲ್ಕು ಸಲ ಎಲೆ ಬಿಡಿಸಿ ತೊಳೆಯಿರಿ. ಮದುವೆ ಮನೆ, ಖಾನಾವಳಿಯಲ್ಲಿ ತಟ್ಟೆಗೆ ಹಾಕುವ ಹಸಿ ಸೊಪ್ಪು ಪಕ್ಕಕ್ಕೆ ಸರಿಸಿ.

ಪಪ್ಪಾಯಿ, ಎಳ್ಳು, ಕೇಸರಿ, ಖರ್ಜೂರ, ಅಳವಿ ಬೀಜ (ಹಲೀಮ್)?

ಕಾಯಿ ಪಪ್ಪಾಯಿ, ಅರೆ ಹಣ್ಣು ಬೇಡ, ಅದರ ಹಾಲು ಒಳ್ಳೆಯದಲ್ಲ. ಪೂರ್ತಿ ಮಾಗಿದ ಹಣ್ಣು ಹಿತಮಿತವಾಗಿ ತಿಂದರೆ ತೊಂದರೆ ಇಲ್ಲ, ಮನೆಯಲ್ಲಿ ಜಗಳ ಆಗುವುದಾದರೆ ಬಿಟ್ಟು ಪೇರಲ ತಿನ್ನಿ. ರೊಟ್ಟಿಗೆ ಹಚ್ಚುವಷ್ಟು ಎಳ್ಳಿನಿಂದ ಏನೂ ಆಗುವುದಿಲ್ಲ. ಕೇಸರಿಯಿಂದ ಕೂಸು ಬೆಳ್ಳಗಾಗುವುದಿಲ್ಲ, ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತವೆ ಲೆಕ್ಕ ಹಾಕಿ. ಖರ್ಜೂರ ಕೊನೆಯ ವಾರಗಳಲ್ಲಿ ತಿಂದರೆ ಹೆರಿಗೆ ಸಲೀಸು ಅನ್ನುವ ಸಣ್ಣ ಅಧ್ಯಯನಗಳಿವೆ. ಶುಗರ್ ಇಲ್ಲದಿದ್ದರೆ ದಿನಕ್ಕೆ ಮೂರು ನಾಲ್ಕು ತಿನ್ನಿ, ರುಚಿಯಾಗಿಯೂ ಇದೆ. ಅಳವಿ ಬಾಣಂತನಕ್ಕೆ ಇರಲಿ.

ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ.

ಹಾಗಾದರೆ ಪ್ರತಿ ಊಟದಲ್ಲೂ ಎರಡರಲ್ಲಿ ಒಂದು ಕಡ್ಡಾಯ: ಕಾಳು-ಬೇಳೆ ಅಥವಾ ಹಾಲು-ಮೊಸರು. ಎರಡೂ ಇದ್ದರೆ ಇನ್ನೂ ಒಳ್ಳೆಯದು. ತೆಳ್ಳನೆ ಸಾರಿನ ಜೊತೆ ಸೋನಾ ಮಸೂರಿ ಅನ್ನ ಮಾತ್ರ ಉಂಡು ಎದ್ದರೆ ಅದು ಊಟ ಅಲ್ಲ. ಗಂಗಾವತಿ, ಸಿಂಧನೂರು ಕಡೆಯವರು ಬೇಜಾರು ಮಾಡಿಕೊಳ್ಳಬೇಡಿ, ಅಕ್ಕಿ ಒಳ್ಳೆಯದೇ, ಜೊತೆಗೆ ಬೇಳೆ ಗಟ್ಟಿ ಇರಲಿ ಅಂದೆ. ವಿಟಮಿನ್ ಬಿ12 ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ಅಂಗಡಿಯ ಪ್ರೋಟೀನ್ ಪುಡಿ ತರಲೇಬೇಕಾ?

ಡಾಕ್ಟರ್ ಬರೆದುಕೊಟ್ಟರೆ ಸರಿ. ಅಕ್ಕಪಕ್ಕದವರು ಹೇಳಿದರು ಅಂತ ಬೇಡ. ಪುಟಾಣಿ ಎರಡು ಪಾಲು, ಹುರಿದ ಶೇಂಗಾ ಒಂದು ಪಾಲು, ಏಲಕ್ಕಿ ಸೇರಿಸಿ ಪುಡಿ ಮಾಡಿ, ಹಾಲಿಗೆ ಎರಡು ಚಮಚ ಹಾಕಿ ಕುದಿಸಿ.

ಶುಗರ್ ಬಂದಿದೆ. ರೊಟ್ಟಿ ಎಷ್ಟು ಬೇಕಾದರೂ ತಿನ್ನಬಹುದಲ್ವಾ?

ಇಲ್ಲ. ಜೋಳ ಅನ್ನಕ್ಕಿಂತ ನಿಧಾನವಾಗಿ ಸಕ್ಕರೆ ಏರಿಸುತ್ತದೆ, ಆದರೆ ಏರಿಸುತ್ತದೆ. ಒಂದು ಹೊತ್ತಿಗೆ ಎಷ್ಟು ಅನ್ನುವುದನ್ನು ಡಾಕ್ಟರ್ ಹೇಳಿದ ಹಾಗೆ. ಬೆಲ್ಲವೂ ಸಕ್ಕರೆಯೇ, ಮಂಡಾಳು ಬಲು ಬೇಗ ಏರಿಸುತ್ತದೆ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ರೊಟ್ಟಿ ತಿನ್ನಿ, ಉಂಡ ಮೇಲೆ ಅಂಗಳದಲ್ಲಿ ಹತ್ತು ನಿಮಿಷ ಅಡ್ಡಾಡಿ. 24ರಿಂದ 28 ವಾರದ ನಡುವೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆ ತಪ್ಪಿದ್ದರೆ ಈಗಲಾದರೂ ಮಾಡಿಸಿ.

ಕಾಲು ಊದಿಕೊಂಡಿವೆ. ಉಪ್ಪು ಪೂರ್ತಿ ಬಿಡಬೇಕಾ?

ಬಿಡಬೇಡಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ ಕಡಿಮೆ ಮಾಡಿ. ಸಂಜೆ ಪಾದ ಸ್ವಲ್ಪ ಊದುವುದು ಮಾಮೂಲು. ಆದರೆ ಮುಖ, ಕೈ ಒಮ್ಮೆಲೇ ಊದಿದರೆ, ತಲೆ ಸಿಡಿಯುತ್ತಿದ್ದರೆ, ಕಣ್ಣು ಮಂಜಾದರೆ, ಹೊಟ್ಟೆಯ ಮೇಲ್ಭಾಗ ನೋಯುತ್ತಿದ್ದರೆ, ಕೂಸಿನ ಮಿಸುಕಾಟ ಕಡಿಮೆಯಾದರೆ ಮನೆ ಮದ್ದು ಹುಡುಕುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಬೇಸಿಗೆಯಲ್ಲಿ ಏನು ಕುಡಿಯಲಿ? ಬೋರ್‌ವೆಲ್ ನೀರು ಕಾಯಿಸಿದರೆ ಸಾಕಾ?

ನೀರು, ತೆಳು ಮಜ್ಜಿಗೆ, ಜೋಳದ ಅಂಬಲಿ, ಎಳನೀರು. ಮೂತ್ರ ತಿಳಿಯಾಗಿ ಹೋಗುತ್ತಿದ್ದರೆ ನೀರು ಸಾಕಾಗುತ್ತಿದೆ ಅಂತ ಅರ್ಥ. ಹಳದಿ ಆದರೆ ಇನ್ನೂ ಕುಡಿಯಿರಿ. ಕೊಪ್ಪಳ, ರಾಯಚೂರಿನ ಎಷ್ಟೋ ಹಳ್ಳಿಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಕುಡಿಯಲು, ಅಡುಗೆಗೆ ಕಾಯಿನ್ ಹಾಕಿ ತುಂಬಿಸುವ ಶುದ್ಧ ನೀರಿನ ಘಟಕದ ಕ್ಯಾನ್ ತರಿಸಿ. ಹೊರುವ ಕೆಲಸ ಗಂಡನದು.

ಶ್ರಾವಣ ಸೋಮವಾರ, ರಂಜಾನ್ ಉಪವಾಸ ಹಿಡಿಯಬಹುದಾ?

ಕೊನೆಯ ತಿಂಗಳುಗಳಲ್ಲಿ ದಿನವಿಡೀ ಹಸಿದಿರುವುದು ಬೇಡ, ಅದರಲ್ಲೂ ನೀರು ಬಿಟ್ಟು. ರಂಜಾನ್‌ನಲ್ಲಿ ಬಸುರಿಯರು ಉಪವಾಸ ಬಿಟ್ಟು ಆಮೇಲೆ ಹಿಡಿಯಬಹುದು ಅಂತ ಧರ್ಮದಲ್ಲೇ ವಿನಾಯಿತಿ ಇದೆ. ಸೋಮವಾರಕ್ಕೆ ಹಾಲು, ಹಣ್ಣು, ಶೇಂಗಾ ತಿಂದು ಪೂಜೆ ಮಾಡಿ. ಗ್ರಹಣದ ದಿನ ಹಿರಿಯರಿಗೆ ಎದುರು ಮಾತಾಡುವ ಬದಲು ನಾನು ಹಾಸಿಗೆ ಪಕ್ಕ ಚಿಕ್ಕಿ ಇಟ್ಟುಕೊಂಡಿದ್ದೆ.

ಅಂಗನವಾಡಿ ಊಟಕ್ಕೆ ಹೋಗಲು ಸಂಕೋಚ.

ಯಾಕೆ? ಬಸುರಿಯರಿಗೆ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದ ತುಂಬ ಶುರುವಾದದ್ದು 2017ರ ಅಕ್ಟೋಬರ್ 2ರಂದು, ಅದಕ್ಕೂ ಮೊದಲು ಪ್ರಾಯೋಗಿಕವಾಗಿ ನಡೆದ ತಾಲೂಕುಗಳಲ್ಲಿ ನಮ್ಮ ಮಾನ್ವಿಯೂ ಒಂದು. ಅನ್ನ, ಬೇಳೆ ಸಾಂಬಾರು, ಸೊಪ್ಪು, ಮೊಟ್ಟೆ, 200 ಮಿಲಿ ಹಾಲು, ಶೇಂಗಾ ಚಿಕ್ಕಿ ಅಂತ ಯೋಜನೆಯಲ್ಲಿದೆ. ತಾಯಿ ಕಾರ್ಡ್ ಹಿಡಿದು ಹೋಗಿ ಹೆಸರು ಬರೆಸಿ. ಒಂದು ಹೊತ್ತಿನ ಒಲೆ ಉಳಿಯಿತು ಅಂದುಕೊಳ್ಳಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, ರಕ್ತ, ಬಿಪಿ ಅವತ್ತೇ ನೋಡಿಸಿಕೊಳ್ಳಬಹುದು.

ನೋವು ಶುರುವಾದ ಮೇಲೆ ತಿನ್ನಬಹುದಾ? ಚೀಲದಲ್ಲಿ ಏನು ಇಟ್ಟುಕೊಳ್ಳಲಿ?

ಆಪರೇಷನ್ ಅಂತ ಮೊದಲೇ ದಿನ ಗೊತ್ತಾಗಿದ್ದರೆ ಅವರು ಹೇಳಿದ ಹೊತ್ತಿನಿಂದ ಏನೂ ಬೇಡ. ಇಲ್ಲದಿದ್ದರೆ ನೋವು ದೂರ ದೂರ ಇರುವಾಗ ಮನೆಯಲ್ಲೇ ಸ್ವಲ್ಪ ಗಂಜಿ, ಬಾಳೆಹಣ್ಣು, ಆಗಾಗ ಗುಟುಕು ನೀರು. ಎಣ್ಣೆಯದು, ಹೊಟ್ಟೆ ಬಿರಿಯುವಷ್ಟು ಊಟ ಬೇಡ. ದವಾಖಾನೆ ಸೇರಿದ ಮೇಲೆ ಕೇಳಿಯೇ ತಿನ್ನಿ, ಕೊನೆಯದಾಗಿ ಎಷ್ಟು ಗಂಟೆಗೆ ಏನು ತಿಂದಿರಿ ಅಂತ ಅವರಿಗೆ ಹೇಳಿ. ಚೀಲದಲ್ಲಿ ನೀರಿನ ಬಾಟಲಿ, ಖರ್ಜೂರ, ನಾಲ್ಕು ಚಿಕ್ಕಿ. ಜೊತೆಗೆ ಬರುವ ಅವ್ವನಿಗೆ ಬೇರೆ ಬುತ್ತಿ ಕಟ್ಟಿಡಿ. ನಮ್ಮವ್ವ ಗಡಿಬಿಡಿಯಲ್ಲಿ ಏನೂ ತರದೇ ಬಂದು, ನಾನು ಒಳಗೆ ಇದ್ದ ಅಷ್ಟೂ ಹೊತ್ತು ವರಾಂಡದಲ್ಲಿ ಕೂತು ನನ್ನ ಚಿಕ್ಕಿಯನ್ನೆಲ್ಲ ಮುಗಿಸಿದ್ದಳು.